ಭಾನುವಾರದ ವಿಶ್ವಾಸ ಪ್ರಮಾಣ ಸೋಮವಾರದ ಆಫೀಸಿಗೆ ಯಾಕೆ ಬರ್ತಿಲ್ಲ?

ಪ್ರಶ್ನೆ: ಅಯ್ಯನವರೇ, ನಾನು ಹುಬ್ಬಳ್ಳಿಯವಳು, ಒಂದು ಪ್ರೈವೇಟ್ ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಹುಟ್ಟಿದ್ದೇ ಕ್ರೈಸ್ತ ಮನೆಯಲ್ಲಿ, ಸಂಡೇ ಸ್ಕೂಲು, ಕನ್ಫರ್ಮೇಶನ್ ಎಲ್ಲಾ ಆಗಿದೆ, ಸಭೆಯಲ್ಲಿ ಎಲ್ಲರೂ ಸೇರಿ ಹೇಳೋ ವಿಶ್ವಾಸ ಪ್ರಮಾಣ ಬಾಯಿಪಾಠ. ಆದ್ರೆ ಸೋಮವಾರ ಬೆಳಿಗ್ಗೆ ಅದ್ರಲ್ಲಿ ಒಂದು ಸಾಲೂ ಉಪಯೋಗಕ್ಕೆ ಬರ್ತಿಲ್ಲ ಅನ್ಸುತ್ತೆ. ಬಾಸ್ ಬಿಲ್ ಅಡ್ಜಸ್ಟ್ ಮಾಡು ಅಂತಾರೆ. ಅಪ್ಪ ತೀರಿಕೊಂಡ ಮೇಲೆ ಮನೆ ವಿಷಯಕ್ಕೆ ಅಣ್ಣನ ಜೊತೆ ಮಾತಿಲ್ಲ. ಕ್ರೈಸ್ತಳಾದವಳು ಕ್ಷಮಿಸ್ಬೇಕು, ಹಕ್ಕು ಬಿಟ್ಟು ಸಹಿ ಹಾಕು ಅಂತ ಸಭೆಯ ಹಿರಿಯರೂ ಹೇಳ್ತಿದ್ದಾರೆ. ಆ ಜಗಳ ಆದಾಗಿಂದ ಪ್ರಭುಭೋಜನ, ಅಂದ್ರೆ ಆರಾಧನೆಯಲ್ಲಿ ಕೊಡೋ ರೊಟ್ಟಿ ದ್ರಾಕ್ಷಾರಸ, ತಗೊಳ್ಳೋಕೂ ಭಯ. ಅಮ್ಮನಿಗೆ ಡಯಾಲಿಸಿಸ್ ನಡೀತಿದೆ, ನಿಮ್ಮ ಮನೇಲಿ ನಂಬಿಕೆ ಕಮ್ಮಿ ಅದಕ್ಕೇ ವಾಸಿ ಆಗ್ತಿಲ್ಲ ಅಂತಾರೆ ಕೆಲವರು. ಪ್ರಾರ್ಥನೆಗೆ ಕೂತ್ರೆ ಐದು ನಿಮಿಷಕ್ಕೆ ಮನಸ್ಸು ಎಲ್ಲೋ ಹೋಗಿರುತ್ತೆ. ನಾನು ನಿಜವಾಗಿ ಏನು ನಂಬ್ಬೇಕು, ಹೇಗೆ ಬದುಕ್ಬೇಕು?

ಉತ್ತರ:

ಸಹೋದರಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದೆ, ಆದ್ರೆ ಎಲ್ಲದರ ಅಡಿಯಲ್ಲಿ ಒಂದೇ ಭಯ ಕಾಣ್ತಿದೆ ನನಗೆ. ನಾನು ಸರಿಯಾಗಿ ಇದ್ರೆ ಮಾತ್ರ ದೇವರು ನನ್ನವನು, ಬಿಲ್ಲಲ್ಲಿ ತಪ್ಪಿದ್ರೆ, ಪ್ರಾರ್ಥನೆಯಲ್ಲಿ ತಪ್ಪಿದ್ರೆ, ಅಣ್ಣನ ಮೇಲೆ ಸಿಟ್ಟಿದ್ರೆ ಅವನು ಮುಖ ತಿರುಗಿಸ್ತಾನೆ ಅನ್ನೋ ಭಯ. ಹಾಗಾಗಿ ಮೊದಲು ಇದನ್ನೇ ಹೇಳ್ತೀನಿ, ಬಾಕಿ ಎಲ್ಲಾ ಇದರ ಹಿಂದೆ ಬರುತ್ತೆ.

ಸತ್ಯವೇದದಲ್ಲಿ, ಅಂದ್ರೆ ಬೈಬಲಿನಲ್ಲಿ, ಕೃಪೆ ಮೊದಲು, ಆಜ್ಞೆ ಆಮೇಲೆ. ಹತ್ತು ಆಜ್ಞೆ ಇರೋ ವಿಮೋಚನಕಾಂಡ 20 ತೆಗೆದು ನೋಡಿ, ಮೊದಲನೇ ಆಜ್ಞೆ ಬರೋಕೆ ಮುಂಚೆ ಒಂದು ಮಾತಿದೆ, ನಿಮ್ಮನ್ನ ಐಗುಪ್ತದ ದಾಸತ್ವದಿಂದ ಬಿಡಿಸಿದ ದೇವರು ನಾನೇ ಅಂತ. ಅಂದ್ರೆ ಬಿಡಿಸಿ ಆಗಿದೆ, ಸಮುದ್ರ ದಾಟಿ ಆಗಿದೆ, ಮನ್ನ ಕೊಟ್ಟು ಆಗಿದೆ, ಅದಾದ್ಮೇಲೆ ಹೀಗೆ ಬದುಕಿ ಅಂತ ಹೇಳ್ತಿದ್ದಾನೆ. ಆಜ್ಞೆ ಪಾಲಿಸಿದ್ರೆ ಬಿಡಿಸ್ತೀನಿ ಅಂತ ಎಲ್ಲೂ ಹೇಳಿಲ್ಲ. ಪೌಲ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲೂ ಇದೇ ಕ್ರಮ, 8ನೇ ವಚನ ಕೃಪೆಯಿಂದಲೇ ರಕ್ಷಣೆ ಅನ್ನುತ್ತೆ, 10ನೇ ವಚನ ಸತ್ಕಾರ್ಯಗಳಿಗೋಸ್ಕರವೇ ನಮ್ಮನ್ನ ಉಂಟುಮಾಡಿದ್ದು ಅನ್ನುತ್ತೆ, ನಮ್ಮಲ್ಲಿ ಎಷ್ಟೋ ಜನ ಒಂದನ್ನ ಓದಿ ಇನ್ನೊಂದನ್ನ ಬಿಡ್ತಾರೆ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಕಲಿಸೋಕೆ ಅಂತ 129 ಪ್ರಶ್ನೋತ್ತರ ಮಾಡಿದ್ರು, ಅದರಲ್ಲಿ ಮೂರು ಭಾಗ, ನಮ್ಮ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಗಳ ವಿವರಣೆಯನ್ನ ಅವರು ದುರವಸ್ಥೆಯ ಭಾಗದಲ್ಲಿ ಇಡಲಿಲ್ಲ, ಕೃತಜ್ಞತೆಯ ಭಾಗದಲ್ಲಿ ಇಟ್ರು. ನನಗೆ ಅದು ತುಂಬಾ ಹಿಡಿಸಿದ ವಿಷಯ. ಒಳ್ಳೆ ಬದುಕು ಅನ್ನೋದು ದೇವರಿಗೆ ಕಟ್ಟೋ ಫೀಸ್ ಅಲ್ಲ, ಸಿಕ್ಕಿದ್ದಕ್ಕೆ ಹೇಳೋ ಸ್ತೋತ್ರ.

ಬಾಯಿಪಾಠ ಇದೆ ಆದ್ರೆ ಒಳಗೆ ಏನೂ ಇಲ್ಲ ಅನ್ನೋ ನಿಮ್ಮ ಅನುಭವ ನಿಮ್ಮೊಬ್ಬರದ್ದೇ ಅಲ್ಲ. ಪಂಡಿತಾ ರಮಾಬಾಯಿ ಹೆಸರು ಕೇಳಿರ್ತೀರಿ, 1858ರಲ್ಲಿ ನಮ್ಮ ಕಾರ್ಕಳದ ಕಡೆಯ ಪಶ್ಚಿಮ ಘಟ್ಟದ ಕಾಡಲ್ಲಿ ಹುಟ್ಟಿದವರು, ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಕೈಲಿ ಬೈಸಿಕೊಂಡವರು. ಆಯಮ್ಮ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡ್ರು, ಅಷ್ಟು ದೊಡ್ಡ ವಿದ್ವಾಂಸೆ, ಸಿದ್ಧಾಂತ ಎಲ್ಲಾ ಅರೆದು ಕುಡಿದವರು. ಆದ್ರೆ ಎಷ್ಟೋ ವರ್ಷ ಆದ್ಮೇಲೆ ಅವರೇ ತಮ್ಮ ಸಾಕ್ಷಿಯಲ್ಲಿ ಹೇಳ್ತಾರೆ, ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಆ ಧರ್ಮದ ಜೀವವಾಗಿರೋ ಕ್ರಿಸ್ತನೇ ಸಿಕ್ಕಿರಲಿಲ್ಲ ಅನ್ನೋ ಅರ್ಥದಲ್ಲಿ. ತನ್ನಿಂದ ಏನೂ ಆಗಲ್ಲ, ಇರೋ ಹಾಗೇ ಬರಬಹುದು, ಅವನೇ ಸ್ವೀಕರಿಸ್ತಾನೆ ಅಂತ ಗೊತ್ತಾದ ಮೇಲೆ ಆ ಭಾರ ಇಳೀತು. ಆಮೇಲೆ ಸುಮ್ಮನೆ ಕೂತ್ರಾ? 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿವಲ್ಲಿ ಸಾಯ್ತಿದ್ದ ನೂರಾರು ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಊಟ, ಓದು, ಕೈಕೆಲಸ ಎಲ್ಲಾ ಕೊಟ್ರು. ಕೃಪೆ ಮೊದಲು ಅಂದ್ರೆ ಜನ ಸೋಮಾರಿ ಆಗ್ತಾರೆ ಅನ್ನೋರಿಗೆ ನಾನು ಈಯಮ್ಮನನ್ನೇ ತೋರಿಸ್ತೀನಿ.

ಈಗ ಏನು ನಂಬ್ಬೇಕು ಅನ್ನೋದು. ಹೊಸದಾಗಿ ಏನೂ ಬೇಡ, ನಿಮಗೆ ಬಾಯಿಪಾಠ ಇರೋ ವಿಶ್ವಾಸ ಪ್ರಮಾಣವೇ ಸಾಕು, ಅದನ್ನ ಸೋಮವಾರದ ಕಣ್ಣಲ್ಲಿ ಓದ್ಬೇಕು ಅಷ್ಟೇ. ಪರಲೋಕ ಭೂಲೋಕಗಳನ್ನ ಉಂಟುಮಾಡಿದ ತಂದೆ ಅಂದ್ರೆ ಈ ದೇಹ, ಅನ್ನ, ಲೆಕ್ಕದ ಪುಸ್ತಕ, ಅಮ್ಮನ ಡಯಾಲಿಸಿಸ್ ಮಷೀನು ಇದ್ಯಾವುದೂ ದೇವರಿಗೆ ಸಂಬಂಧ ಇಲ್ಲದ ಲೌಕಿಕ ವಿಷಯ ಅಲ್ಲ. ಮಗನು ಮನುಷ್ಯನಾದ ಅಂದ್ರೆ ಸುಮಾರು ಮೂವತ್ತು ವರ್ಷ ಆಗೋವರೆಗೆ, ಲೂಕ 3:23 ನೋಡಿ, ಒಂದು ಉಪದೇಶಾನೂ ಮಾಡದೆ ನಜರೇತಿನಲ್ಲಿ ಮನೆಮಂದಿ ಜೊತೆ ಬದುಕಿದ, ಬಡಗಿ ಕೆಲಸ ಮಾಡಿದ, ಅಂದ್ರೆ ಯಾರೂ ನೋಡದ ಆ ವರ್ಷಗಳೂ ದೇವರ ಲೆಕ್ಕದಲ್ಲಿ ವ್ಯರ್ಥ ಅಲ್ಲ. ಪೊಂತ್ಯ ಪಿಲಾತನ ಕಾಲದಲ್ಲಿ ಬಾಧೆಪಟ್ಟ ಅಂದ್ರೆ ನಮ್ಮ ಪಾಪ ಹೊತ್ತದ್ದು ಯಾವುದೋ ಪುರಾಣಕಾಲದಲ್ಲಿ ಅಲ್ಲ, ಒಬ್ಬ ರೋಮನ್ ಅಧಿಪತಿಯ ಕೋರ್ಟಿನಲ್ಲಿ, ಸುಳ್ಳು ಆರೋಪಗಳ ಎದುರು. ಪವಿತ್ರಾತ್ಮನನ್ನ ನಂಬ್ತೀನಿ ಅಂದ್ರೆ ಈ ಬದುಕನ್ನ ನಾನೊಬ್ಬಳೇ ದಬ್ಬಬೇಕಾಗಿಲ್ಲ. ಇನ್ನು ಪುನರುತ್ಥಾನ. ಅದರ ಬಗ್ಗೆ ಪೌಲ ಬರೆದ ಅತಿ ದೊಡ್ಡ ಅಧ್ಯಾಯ 1 ಕೊರಿಂಥ 15, 58 ವಚನ ಇದೆ, ಅದರ ಕೊನೇ ವಚನ ಆಕಾಶ ನೋಡ್ತಾ ನಿಂತ್ಕೊಳ್ಳಿ ಅಂತ ಹೇಳಲ್ಲ, ಕರ್ತನಲ್ಲಿ ನೀವು ಪಡೋ ಶ್ರಮ ವ್ಯರ್ಥ ಆಗಲ್ಲ, ಕೆಲಸದಲ್ಲಿ ಗಟ್ಟಿಯಾಗಿರಿ ಅನ್ನುತ್ತೆ. ಮುಂದಿನ ಅಧ್ಯಾಯ ಶುರುವಾಗೋದೇ ಬಡವರಿಗೆ ಕಾಣಿಕೆ ಕೂಡಿಸೋ ಮಾತಿಂದ.

ಬಿಲ್ ವಿಷಯ ಜಾಸ್ತಿ ಎಳೆಯಲ್ಲ, ಉತ್ತರ ನಿಮಗೇ ಗೊತ್ತು. ಸ್ನಾನಿಕನಾದ ಯೋಹಾನನ ಹತ್ರ ಸುಂಕದವರು ಬಂದು ನಾವೇನು ಮಾಡ್ಬೇಕು ಅಂತ ಕೇಳಿದಾಗ ಅವನು ಕೆಲಸ ಬಿಟ್ಟು ಅಡವಿಗೆ ಬನ್ನಿ ಅನ್ನಲಿಲ್ಲ, ನೇಮಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡ್ಬೇಡಿ ಅಂದ, ಸಿಪಾಯಿಗಳಿಗೆ ಯಾರನ್ನೂ ಹೆದರಿಸಿ ಕಿತ್ಕೊಳ್ಬೇಡಿ, ನಿಮ್ಮ ಸಂಬಳ ಸಾಕು ಅನ್ಕೊಳ್ಳಿ ಅಂದ (ಲೂಕ 3). ಅಂದ್ರೆ ಪಶ್ಚಾತ್ತಾಪ ಅನ್ನೋದು ಕಣ್ಣೀರಲ್ಲಿ ಶುರುವಾದ್ರೂ ಲೆಕ್ಕದ ಪುಸ್ತಕದವರೆಗೂ ಬರ್ಬೇಕು. ಸುಂಕದವರ ಮುಖ್ಯಸ್ಥ ಜಕ್ಕಾಯ ಮೋಸದಿಂದ ತಗೊಂಡಿದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದಿದ್ದೂ ಯೇಸು ಅವನ ಮನೆಗೆ ಊಟಕ್ಕೆ ಬಂದ ಮೇಲೆ, ಮುಂಚೆ ಅಲ್ಲ, ಮತ್ತೆ ಅದೇ ಕ್ರಮ ನೋಡಿ. ಬಾಸ್ ಹತ್ರ ಉಪದೇಶ ಮಾಡೋಕೆ ಹೋಗ್ಬೇಡಿ. ಈ ಎಂಟ್ರಿಗೆ ಸಪೋರ್ಟಿಂಗ್ ಡಾಕ್ಯುಮೆಂಟ್ ಇಲ್ಲ, ನನ್ನಿಂದ ಹಾಕೋಕಾಗಲ್ಲ ಅಂತ ಮರ್ಯಾದೆಯಿಂದ ಒಂದು ಇಮೇಲ್ ಹಾಕಿ, ಕಾಪಿ ಇಟ್ಕೊಳ್ಳಿ. ಮಾಲು ಬರದೇ ಬರೀ ಇನ್‌ವಾಯ್ಸ್ ತೋರಿಸಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯೋದು) ತಗೊಳ್ಳೋದು ಜಿಎಸ್‌ಟಿ ಕಾನೂನಲ್ಲಿ ಅಪರಾಧ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೆಲಸ ಹೋಗಬಹುದು ಅನ್ನೋ ಭಯ ಸುಳ್ಳಲ್ಲ, ಅಮ್ಮನ ಚಿಕಿತ್ಸೆ ಖರ್ಚು ಇರೋವಾಗ ಇದನ್ನ ಸುಲಭ ಅಂತ ನಾನು ಹೇಳಲ್ಲ, ಅದಕ್ಕೇ ಬೇರೆ ಕಡೆ ಅರ್ಜಿ ಹಾಕೋದನ್ನ ಇವತ್ತೇ ಶುರು ಮಾಡಿ, ಅದು ಅಪನಂಬಿಕೆ ಅಲ್ಲ. ಇಲ್ಲಿ ಸಭೆಗೂ ಒಂದು ಮಾತು ಹೇಳ್ಬೇಕು. ಹಿಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರ ಕಾಲದಲ್ಲಿ ಕ್ರೈಸ್ತರಾದವರು ಜಾತಿಯವರಿಂದ ಹೊರಬಿದ್ದು ಹೊಟ್ಟೆಪಾಡು ಕಳ್ಕೊಂಡಾಗ ಪ್ರಾರ್ಥನೆ ಮಾಡ್ತೀವಿ ಹೋಗಿ ಅಂತ ಕಳಿಸ್ಲಿಲ್ಲ, ಮಗ್ಗ ಹಾಕಿದ್ರು, 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಪ್ರಾಮಾಣಿಕತೆಗೋಸ್ಕರ ಒಬ್ಬ ಸಹೋದರಿ ಕೆಲಸ ಕಳ್ಕೊಳ್ಳೋ ಪರಿಸ್ಥಿತಿ ಬಂದ್ರೆ ಅವಳಿಗೆ ಇನ್ನೊಂದು ಕೆಲಸ ಹುಡುಕಿಕೊಡೋದು ಸಭೆಯ ಜವಾಬ್ದಾರಿ.

ಅಣ್ಣನ ವಿಷಯಕ್ಕೆ ಬರ್ತೀನಿ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ನೋವಾಗಿದ್ದು ಇದೇ.

ಕ್ಷಮೆ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಮತ್ತಾಯ 18ರಲ್ಲಿ ಎಷ್ಟು ಸಾರಿ ಕ್ಷಮಿಸ್ಬೇಕು ಅಂತ ಪೇತ್ರ ಕೇಳಿದ್ದಕ್ಕೆ ಯೇಸು ಒಂದು ಕಥೆ ಹೇಳ್ತಾನೆ, ಒಬ್ಬ ಆಳು ಅರಸನಿಗೆ ಹತ್ತು ಸಾವಿರ ತಲಾಂತು ಸಾಲ, ಅವನಿಗೆ ಜೊತೆ ಆಳು ನೂರು ದಿನಾರಿ ಸಾಲ. ನೀವು ಲೆಕ್ಕದವರು, ಲೆಕ್ಕ ಹಾಕಿ ನೋಡಿ. ಒಂದು ದಿನಾರಿ ಅಂದ್ರೆ ಒಂದು ದಿನದ ಕೂಲಿ, ಒಂದು ತಲಾಂತು ಅಂದ್ರೆ ಸುಮಾರು 6000 ದಿನಾರಿ, ಅಲ್ಲಿಗೆ ಮೊದಲನೇ ಸಾಲ 6 ಕೋಟಿ ದಿನದ ಕೂಲಿ ಆಯ್ತು, ಅಂದ್ರೆ ಎರಡನೇ ಸಾಲದ 6 ಲಕ್ಷ ಪಟ್ಟು, ಎಷ್ಟು ಜನ್ಮ ದುಡಿದ್ರೂ ತೀರದ್ದು. ಅಷ್ಟನ್ನ ದೇವರು ನಮಗೆ ಬಿಟ್ಟಿದ್ದಾನೆ. ಆದ್ರೆ ಪ್ರಸಂಗಗಳಲ್ಲಿ ಯಾರೂ ಹೇಳದ ಇನ್ನೊಂದು ಮಾತಿದೆ ಅದರಲ್ಲಿ, ನೂರು ದಿನದ ಕೂಲಿ ಅನ್ನೋದು ಚಿಲ್ಲರೆ ಕಾಸಲ್ಲ, ಮೂರು ನಾಲ್ಕು ತಿಂಗಳ ದುಡಿಮೆ. ನಿಮಗೆ ಆಗಿರೋ ಅನ್ಯಾಯ ಏನೂ ಇಲ್ಲ ಅಂತ ಯೇಸು ಹೇಳ್ತಿಲ್ಲ. ಅದು ನಿಜವಾದ ಸಾಲ, ನಿಜವಾದ ಗಾಯ, ಆದ್ರೂ ಅದರ ಸೇಡನ್ನ ಕೈಯಿಂದ ಬಿಡು ಅಂತಿದ್ದಾನೆ.

ಕ್ಷಮೆ ಅಂದ್ರೆ ಸೇಡು ಬಿಡೋದು, ಅಣ್ಣನಿಗೆ ಕೆಟ್ಟದ್ದಾಗ್ಲಿ ಅನ್ನೋ ಆಸೆ ಬಿಡೋದು, ಅವನಿಗೋಸ್ಕರ ಪ್ರಾರ್ಥನೆ ಮಾಡೋದು. ಸುಳ್ಳನ್ನ ಸತ್ಯ ಅಂತ ಒಪ್ಪಿ ಸಹಿ ಹಾಕೋದನ್ನ ಕ್ಷಮೆ ಅಂತ ಸತ್ಯವೇದ ಎಲ್ಲೂ ಕರೆಯಲ್ಲ. ನಿಮ್ಮ ಹಿರಿಯರಿಗೆ ಅರಣ್ಯಕಾಂಡ 27 ಓದೋಕೆ ಹೇಳಿ. ಚಲ್ಪಹಾದನ ಐದು ಜನ ಹೆಣ್ಣುಮಕ್ಕಳು ಮೋಶೆ, ಯಾಜಕ, ಕುಲದ ಮುಖ್ಯಸ್ಥರು, ಇಡೀ ಸಮೂಹದ ಎದುರು ಬಂದು ನಿಂತು, ನಮ್ಮ ತಂದೆಗೆ ಗಂಡುಮಕ್ಕಳಿಲ್ಲ ಅಂತ ಅವನ ಹೆಸರು ಯಾಕೆ ಅಳಿಸಿಹೋಗ್ಬೇಕು, ನಮಗೂ ಪಾಲು ಕೊಡಿ ಅಂತ ಕೇಳಿದ್ರು. ಮೋಶೆ ಅದನ್ನ ದೇವರ ಮುಂದೆ ಇಟ್ಟ, ಆ ಹೆಣ್ಣುಮಕ್ಕಳು ಹೇಳ್ತಿರೋದು ಸರಿ ಅಂತ ದೇವರೇ ಅಂದ. ಪಾಲು ಕೇಳಿದ ಹೆಣ್ಣುಮಕ್ಕಳನ್ನ ದುರಾಸೆಯವರು ಅಂತ ಅಲ್ಲಿ ಯಾರೂ ಬಯ್ಯಲಿಲ್ಲ. ನಿಮ್ಮ ಮನೆಯಲ್ಲಿ ಅಣ್ಣ ಇದ್ದಾನಲ್ಲ ಅಂತ ಅವರು ಹೇಳಬಹುದು, ಅದಕ್ಕೆ ನಮ್ಮ ದೇಶದ ಕಾನೂನು ಇದೆ, ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ ಆಗುತ್ತೆ, ಅಮ್ಮನ ಮೂರನೇ ಒಂದು ಪಾಲು ಹೋಗಿ ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಅಮ್ಮನ ಪಾಲಿನ ಮಾತನ್ನ ಯಾರೂ ಎತ್ತಿಲ್ಲ ಅಂತ ನಿಮ್ಮ ಪತ್ರದಿಂದ ಅನ್ಸುತ್ತೆ, ಕಾಯಿಲೆಯಲ್ಲಿರೋ ವಿಧವೆಯ ಪಾಲು ಅದು, ವಿಧವೆಯರ ವಿಷಯದಲ್ಲಿ ಪ್ರವಾದಿಗಳು ಎಷ್ಟು ಕಟುವಾಗಿ ಮಾತಾಡ್ತಾರೆ ಅಂತ ಹಿರಿಯರಿಗೆ ನಾನು ನೆನಪಿಸಬೇಕಾಗಿಲ್ಲ. ಒಬ್ಬ ವಕೀಲರ ಹತ್ರ ಕೇಳದೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕ್ಬೇಡಿ.

ಹಾಗಂತ ಪಾಲೇ ಸರ್ವಸ್ವ ಅಂತಾನೂ ಅಲ್ಲ. ಲೂಕ 12ರಲ್ಲಿ ಒಬ್ಬ ನನ್ನ ಅಣ್ಣನಿಗೆ ಆಸ್ತಿ ಪಾಲು ಮಾಡೋಕೆ ಹೇಳು ಅಂತ ಯೇಸುವನ್ನ ಕೇಳಿದಾಗ ಅವನು ಪಂಚಾಯ್ತಿಗೆ ಕೂರಲಿಲ್ಲ, ಲೋಭದ ವಿಷಯದಲ್ಲಿ ಎಚ್ಚರ ಅಂದ. ಆ ಎಚ್ಚರಿಕೆ ಅಣ್ಣನಿಗೂ ಇದೆ, ನಿಮಗೂ ಇದೆ. ನಾಳೆ ಎಲ್ಲಾ ತಿಳ್ಕೊಂಡು, ಯಾರ ಒತ್ತಡಾನೂ ಇಲ್ಲದೆ, ಪ್ರೀತಿಯಿಂದ ಒಂದಿಷ್ಟು ಬಿಟ್ಟುಕೊಡ್ಬೇಕು ಅನ್ಸಿದ್ರೆ ಬಿಡಿ, ಅದು ಕೊಡುಗೆ. ಹೆದರಿಸಿ ಬಿಡಿಸ್ಕೊಂಡ್ರೆ ಅದು ಕೊಡುಗೆ ಅಲ್ಲ, ಅದಕ್ಕೆ ದೇವರ ಹೆಸರು ಹಚ್ಚೋದು ದೊಡ್ಡ ಪಾಪ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ರೋಮಾಪುರದವರಿಗೆ 12:18ರಲ್ಲಿ ಪೌಲ ಎಷ್ಟು ನ್ಯಾಯವಾಗಿ ಬರೀತಾನೆ ನೋಡಿ, ಸಾಧ್ಯವಾದ್ರೆ, ನಿಮ್ಮಿಂದ ಆಗೋವಷ್ಟು ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನವಾಗಿರಿ ಅಂತ. ನಿಮ್ಮ ಕಡೆಯ ಅರ್ಧ ನಿಮ್ಮದು, ಅಣ್ಣನ ಕಡೆಯ ಅರ್ಧಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ.

ಪ್ರಭುಭೋಜನದ ಭಯಕ್ಕೂ ಇದೇ ಉತ್ತರ ಸೇರುತ್ತೆ. ಅಯೋಗ್ಯವಾಗಿ ತಿಂದ್ರೆ ತೀರ್ಪು ಅನ್ನೋ 1 ಕೊರಿಂಥ 11ರ ಮಾತನ್ನ ನಮ್ಮ ಕನ್ನಡ ಸಭೆಗಳಲ್ಲಿ ಎಷ್ಟು ಹೆದರಿಸೋಕೆ ಬಳಸಿದ್ದಾರೆ ಅಂದ್ರೆ ಎಷ್ಟೋ ಒಳ್ಳೆ ಭಕ್ತರು ವರ್ಷಗಟ್ಟಲೆ ಬೆಂಚಲ್ಲೇ ಕೂತಿರ್ತಾರೆ. ಆ ಅಧ್ಯಾಯದಲ್ಲಿ ಪೌಲ ಯಾರನ್ನ ಗದರಿಸ್ತಿದ್ದಾನೆ ಅಂತ ಮೇಲಿಂದ ಓದಿ. ಇದ್ದವರು ಮೊದಲೇ ಬಂದು ಹೊಟ್ಟೆತುಂಬ ತಿಂದು ಕುಡಿದು ಮತ್ತರಾಗಿ, ಇಲ್ಲದವರು ಹಸ್ಕೊಂಡೇ ಇರೋ ಹಾಗೆ ಮಾಡಿದ್ರು, ಇಲ್ಲದವರನ್ನ ನಾಚಿಕೆಪಡಿಸಿದ್ರು, ಅದು ಅವನು ಹೇಳೋ ಅಯೋಗ್ಯತೆ. ತಪ್ಪು ಮಾಡಿ ಮನಸ್ಸಲ್ಲಿ ಕುಗ್ಗಿದವರನ್ನ ಅವನು ಓಡಿಸ್ತಿಲ್ಲ. ನಿಜ ಹೇಳ್ಬೇಕಂದ್ರೆ ಆ ಅಧ್ಯಾಯ ನಮ್ಮನ್ನ ಬೇರೆ ಕಡೆ ಚುಚ್ಚಬೇಕು, ಮದುವೆ ಮಾತು ಬಂದಾಗ ಯಾವ ಜಾತಿಯಿಂದ ಬಂದ ಕ್ರೈಸ್ತರು ಅಂತ ಗುಟ್ಟಾಗಿ ಕೇಳೋದು, ಕಮಿಟಿ ಎಲೆಕ್ಷನ್‌ಗೋಸ್ಕರ ಸಭೆ ಒಡೆಯೋದು, ಸೂಟು ಹಾಕಿದವರಿಗೆ ಮುಂದಿನ ಬೆಂಚು ಕೊಡೋದು (ಯಾಕೋಬ 2 ನೇರವಾಗಿ ಇದರ ಬಗ್ಗೆಯೇ ಇದೆ), ಇಂಥಾದ್ದು ಇಟ್ಕೊಂಡು ರೊಟ್ಟಿ ಮುರಿಯೋವಾಗ ನಾವು ನಡುಗಬೇಕು. ಮತ್ತಾಯ 5ರಲ್ಲಿ ಕಾಣಿಕೆ ಬಿಟ್ಟು ಹೋಗಿ ಸಹೋದರನ ಜೊತೆ ಒಂದಾಗು ಅಂತ ಇದೆಯಲ್ಲ ಅಂತ ನೀವು ಕೇಳ್ತೀರಿ. ಹೌದು, ಇದೆ. ಹೋಗಿ. ನಿಮ್ಮ ಕಡೆಯಿಂದ ಒಂದು ಸಾರಿ ಮಾತಾಡಿಸಿ, ಜಗಳದಲ್ಲಿ ನೀವು ಆಡಿದ ಮಾತು ತಪ್ಪಾಗಿದ್ರೆ ಅದಕ್ಕೆ ಕ್ಷಮೆ ಕೇಳಿ. ಅವನು ಬಾಗಿಲು ಹಾಕ್ಕೊಂಡ್ರೆ ಅದಕ್ಕೋಸ್ಕರ ಕರ್ತನ ಮೇಜಿಂದ ನೀವು ದೂರ ಇರಬೇಕಾಗಿಲ್ಲ.

ಅಮ್ಮನ ಕಾಯಿಲೆ ಬಗ್ಗೆ ಮಾತಾಡೋರಿಗೆ ಏನು ಹೇಳ್ಬೇಕು? ಪೌಲನಿಗೆ ನಂಬಿಕೆ ಕಮ್ಮಿ ಇತ್ತಾ ಅಂತ ಕೇಳಿ. ದೇಹದಲ್ಲಿ ಒಂದು ಮುಳ್ಳು ಇತ್ತು, ತೆಗೆದುಹಾಕು ಅಂತ ಮೂರು ಸಾರಿ ಬೇಡ್ಕೊಂಡ, ತೆಗೀಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಸಿಕ್ತು (2 ಕೊರಿಂಥ 12). ಜೊತೆಯವನು ತ್ರೊಫಿಮ ಕಾಯಿಲೆ ಬಿದ್ದಾಗ ಅವನನ್ನ ಮಿಲೇತದಲ್ಲೇ ಬಿಟ್ಟು ಬಂದೆ ಅಂತ ತಿಮೊಥೆಯನಿಗೆ ಬರೀತಾನೆ, ಆ ತಿಮೊಥೆಯನಿಗೋ ಹೊಟ್ಟೆ ತೊಂದರೆ, ಅವನಿಗೆ ನಂಬಿಕೆ ಜಾಸ್ತಿ ಮಾಡ್ಕೋ ಅನ್ನಲಿಲ್ಲ, ಬರೀ ನೀರು ಕುಡೀಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಆ ಕಾಲದ ಔಷಧಿ ಹೇಳಿದ. ಹಿಡಿದುಕೊಂಡು ಹೋಗೋ ಮುಂಚೆ ಗೆತ್ಸೆಮನೆ ತೋಟದಲ್ಲಿ ಸ್ವತಃ ಯೇಸು ಈ ಪಾತ್ರೆ, ಅಂದ್ರೆ ಈ ಬಾಧೆ, ನನ್ನಿಂದ ತೊಲಗಲಿ ಅಂತ ಬೇಡಿದ, ತೊಲಗಲಿಲ್ಲ. ದೇವರು ವಾಸಿಮಾಡಬಲ್ಲ ಅಂತ ನಾನು ಪೂರ್ತಿ ನಂಬ್ತೀನಿ, ಅಮ್ಮನಿಗೋಸ್ಕರ ಧಾರಾಳವಾಗಿ ಬೇಡ್ಕೊಳ್ಳಿ, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡೋಕೆ ಹಿರಿಯರನ್ನ ಕರೀರಿ, ಯಾಕೋಬ 5 ಹಾಗೆ ಹೇಳುತ್ತೆ. ಆದ್ರೆ ಯಾರಾದ್ರೂ ನಂಬಿಕೆ ಇದ್ರೆ ಡಯಾಲಿಸಿಸ್ ನಿಲ್ಲಿಸಿ ಅಂದ್ರೆ ಕೇಳಲೇಬೇಡಿ, ದಯವಿಟ್ಟು. ಡಯಾಲಿಸಿಸ್ ನಿಂತ್ರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ, ಶ್ವಾಸಕೋಶದಲ್ಲಿ ನೀರು ತುಂಬಿ ಸ್ವಲ್ಪ ದಿನದಲ್ಲೇ ಪ್ರಾಣಕ್ಕೆ ಬರುತ್ತೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಷ್ಟು ಹೊತ್ತು ಪಕ್ಕದಲ್ಲಿ ಕೂರ್ತೀರಲ್ಲ, ಅದೂ ಆರಾಧನೆಯೇ ಅಂತ ತಿಳ್ಕೊಳ್ಳಿ.

ಪ್ರಾರ್ಥನೆಯಲ್ಲಿ ಮನಸ್ಸು ಓಡಿಹೋಗುತ್ತೆ ಅಂದ್ರಿ. ದಣಿದ ಮನುಷ್ಯರ ಮನಸ್ಸು ಓಡುತ್ತೆ, ಗೆತ್ಸೆಮನೆಯಲ್ಲಿ ಶಿಷ್ಯರಿಗೆ ನಿದ್ದೆಯೇ ಬಂತು, ಆತ್ಮ ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅಂತ ಯೇಸುವೇ ಅವರ ಪರ ಮಾತಾಡಿದ. ಅರ್ಧ ಗಂಟೆ ಸ್ವಂತ ಮಾತಲ್ಲಿ ಪ್ರಾರ್ಥನೆ ಮಾಡ್ಲೇಬೇಕು ಅನ್ನೋ ಹಠ ಬಿಡಿ, ಸದ್ಯಕ್ಕೆ ಎರವಲು ಮಾತು ತಗೊಳ್ಳಿ. ಬೆಳಿಗ್ಗೆ ಸತ್ಯವೇದದ ಕೀರ್ತನೆಗಳಲ್ಲಿ ಒಂದನ್ನ ಗಟ್ಟಿಯಾಗಿ ಓದಿ, 150 ಇದೆ, ಐದು ತಿಂಗಳು ಬರುತ್ತೆ. ಸುಮಾರು ಮೂರನೇ ಒಂದು ಭಾಗ ಗೋಳಾಟದ ಕೀರ್ತನೆಗಳೇ, ಎಷ್ಟರ ತನಕ ಕರ್ತನೇ ಅಂತ ಕೇಳೋವು, 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತೆ, ಅದನ್ನೂ ಸತ್ಯವೇದದಿಂದ ತೆಗೆದುಹಾಕಿಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲನೇ ಸಾಲು, ಅಷ್ಟು ನೋವಲ್ಲಿ ಅವನೇ ಎರವಲು ಮಾತು ತಗೊಂಡ. ರಾತ್ರಿ ಮಲಗೋ ಮುಂಚೆ ಕರ್ತನ ಪ್ರಾರ್ಥನೆ ಒಂದೇ ಸಾಕು, ನಿಧಾನವಾಗಿ ಹೇಳಿ, ಅನುದಿನದ ಆಹಾರ ಅನ್ನೋವಾಗ ಆಫೀಸನ್ನ, ತಪ್ಪಿತಸ್ಥರನ್ನ ಕ್ಷಮಿಸಿರುವಂತೆ ಅನ್ನೋವಾಗ ಅಣ್ಣನನ್ನ, ಕೇಡಿನಿಂದ ತಪ್ಪಿಸು ಅನ್ನೋವಾಗ ಆ ಬಿಲ್ಲುಗಳನ್ನ ಅವನ ಮುಂದೆ ಇಡಿ. ಸಾಧ್ಯ ಆದ್ರೆ ಅಮ್ಮನ ಜೊತೆ ಹೇಳಿ, ನಮ್ಮ ಮನೆಗಳಲ್ಲಿ ಮೊದಲು ಸಂಜೆ ಕುಟುಂಬ ಪ್ರಾರ್ಥನೆ ಇರ್ತಿತ್ತು, ಟೀವಿ ಬಂದ ಮೇಲೆ ಸುಮಾರು ಮನೆಗಳಲ್ಲಿ ಹೋಯ್ತು, ಅದನ್ನ ವಾಪಸ್ ತರೋಕೆ ಇಬ್ಬರೇ ಇದ್ರೂ ಸಾಕು.

ಕೊನೆಗೆ ಅಣ್ಣನಿಗೆ ಫೋನ್ ಮಾಡೋದು ಹೇಗೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಮೊದಲನೇ ಫೋನಲ್ಲಿ ಮನೆ ವಿಷಯ ಎತ್ತಬೇಡಿ. ಅಮ್ಮನಿಗೆ ಡಯಾಲಿಸಿಸ್ ಯಾವ ಯಾವ ದಿನ ಅಂತ ಹೇಳಿ, ಒಂದು ದಿನ ನೀನು ಕರ್ಕೊಂಡು ಹೋಗ್ತೀಯಾ ಅಣ್ಣಾ ಅಂತ ಕೇಳಿ, ಅವನದ್ದೂ ತಾಯಿ ಅವರು. ಆಸ್ತಿ ಮಾತಿಗೆ ಬೇರೆ ದಿನ, ಬೇರೆ ಜಾಗ, ನಿಮ್ಮ ಸಭಾಪಾಲಕರು ಮತ್ತು ಇಬ್ಬರೂ ಒಪ್ಪೋ ಒಬ್ಬ ವಕೀಲರ ಮುಂದೆ ಕೂತು ಮಾತಾಡಿ, ಅದಕ್ಕೆ ಹೋಗೋವಾಗ ಅಪ್ಪನ ಮರಣ ಪ್ರಮಾಣಪತ್ರ, ಮನೆ ಪತ್ರಗಳ ನಕಲು, ವಿಲ್ ಏನಾದ್ರೂ ಇದ್ರೆ ಅದರ ಪ್ರತಿ ತಗೊಂಡು ಹೋಗಿ. ಮುಂದಿನ ಪ್ರಭುಭೋಜನದ ಭಾನುವಾರ ಅದೆಲ್ಲಾ ಬಗೆಹರಿಯೋವರೆಗೂ ಕಾಯಬೇಡಿ, ಕೈ ಚಾಚಿ ರೊಟ್ಟಿ ತಗೊಳ್ಳಿ.